ಟೇಪು ಹಿಡಿಯದ ದರ್ಜಿ

ಮಡಂತ್ಯಾರಿನಲ್ಲಿ ನನ್ನ ಅಂಗಡಿಗೂ ದರ್ಜಿಯ ಅಂಗಡಿಗೂ ನಡುವೆ ಇದ್ದದ್ದು ಒಂದೇ ಹಲಗೆ. ತಮ್ಮ ಹೆಂಡತಿಯ ರವಕೆಗೆ ದರ್ಜಿ ಟೇಪು ಹಿಡಿದವರೇ ಅಲ್ಲ. "ಅಳತೆ ಯಾಕೆ ಮಾರಾಯ, ಕೈಗೆ ಗೊತ್ತುಂಟು" ಎನ್ನುತ್ತಿದ್ದರು.

ಗುದನಾಳದ ಕ್ಯಾನ್ಸರಿಗೆ ಮಂಗಳೂರಿನಲ್ಲಿ ಅವರಿಗೆ ಆಪರೇಶನ್ ಆದ ಮೇಲೆ ಆ ಮಾತು ನಿಂತಿತು. ಜೀವ ಉಳಿದಿತ್ತು, ಹಾಸಿಗೆಯ ಶಕ್ತಿ ಉಳಿದಿರಲಿಲ್ಲ. ಡಾಕ್ಟರು ಅದನ್ನು ಹೇಳಲಿಲ್ಲ, ಇವರು ಕೇಳಲಿಲ್ಲ. ಅವರ ಚಾಪೆ ಮಲಗುವ ಕೋಣೆಯಿಂದ ಮನೆಯ ಚಾವಡಿಗೆ ಬಂತು.

ಒಂದು ಮಧ್ಯಾಹ್ನ ಹಲಗೆಯಾಚೆ ಅವರು ಹೆಂಡತಿಗೆ ಹೇಳುತ್ತಿದ್ದರು: "ಹೊಸ ರವಕೆ ಹೊಲಿದಿದ್ದೇನೆ. ತಾಯಿಮನೆಗೆ ಹೋಗು. ನಮ್ಮವರಲ್ಲಿ ಹೆಂಗಸರ ಇನ್ನೊಂದು ಮದುವೆಗೆ ಅಡ್ಡಿಯಿಲ್ಲ. ನನ್ನಿಂದ ಇನ್ನು ಸಂಸಾರ ಆಗುವುದಿಲ್ಲ."

ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ.

"ಇದು ಸಡಿಲ ಉಂಟು," ಎಂದಳು ಆಕೆ. "ನಿಮ್ಮ ಚಿಂತೆಯಲ್ಲಿ ನಾನು ಸಪೂರ ಆದದ್ದು ನಿಮ್ಮ ಕೈಗೆ ಗೊತ್ತೇ ಇಲ್ಲ. ಅಳತೆ ತೆಗೆಯಿರಿ."

ಡ್ರಾವರು ಎಳೆದು ಟೇಪು ತೆಗೆದ ಸದ್ದು ಕೇಳಿತು. ಆಮೇಲೆ ದರ್ಜಿ ಮೆಲ್ಲಗೆ ಹೇಳಿದರು: "ಕೈ ಎತ್ತು."