ವಕೀಲರು ಬಿಡಿಸಿ ಹೇಳಿದ ‘ಆರ್ಗ್ಯೂ’

ವಕೀಲರ ಕರಿಕೋಟಿನ ಎಡ ಮೊಳಕೈ ಸವೆದು ನೂಲು ಕಾಣುತ್ತಿತ್ತು. ಮೇಜಿಗೆ ಆ ಮೊಳಕೈ ಊರಿಯೇ ಅವರು ಮಾತು ಶುರುಮಾಡುತ್ತಿದ್ದರು. ಎದುರಾಳಿ ಹೇಳುವುದನ್ನು ಮೊದಲು ಅವನಿಗಿಂತ ಚೆನ್ನಾಗಿ ತಾವೇ ಹೇಳಿ, ಆಮೇಲೆ ತಮ್ಮದನ್ನು ಹೇಳುವುದು ಅವರ ರೀತಿ. ಅವರು ದನಿ ಏರಿಸಿದ್ದನ್ನು ಕೋರ್ಟಿನ ಕಾರಕೂನನಾಗಿದ್ದ ನಾನು ಎಂದೂ ಕೇಳಿಲ್ಲ.

ಅವರಿಗೆ ಇಂಗ್ಲಿಷ್ ಶಬ್ದಗಳ ಹುಚ್ಚು. ಕೋರ್ಟಿನ ಪಡಸಾಲೆಯಲ್ಲಿ ಒಮ್ಮೆ ಹೇಳಿದರು: “ಆರ್ಗ್ಯೂ ಅಂದ್ರ ಈಗ ಜಗಳಾನೂ ಆಗೇತಿ. ಹಳೇ ಲ್ಯಾಟಿನ್ನಾಗ ಅದು ನಿಚ್ಚಳ ಮಾಡಿ ತೋರ್ಸೂದು. ತಪ್ಪು ಹೊರ್ಸೂದೂ ಅದ. ಬೆಳ್ಳಿಗೆ ಲ್ಯಾಟಿನ್ ಮಂದಿ ಅನ್ನೂ ಮಾತೂ, ಹೊಳಿಯೂದು ಅನ್ನೂ ಅದ ಬೇರಿನಿಂದ ಬಂದೈತಿ.”

“ನಮ್ಮ ಮಂದಿ ಜಗಳಾನ ಕಲ್ತಾರ ಬಿಡ್ರಿ,” ಎಂದೆ.

“ಅದಕ್ಕ ಇಂಗ್ಲಿಷ್ ಯಾಕ ಬೇಕಿತ್ತೋ?” ಎಂದು ನಕ್ಕರು.

ದೊಡವಾಡ ಕಡೆಯ ವಿಧವೆಯೊಬ್ಬಳ ಮೊಕದ್ದಮೆ ಅವರ ಕೈಗೆ ಬಂತು. ಗಂಡ ಬದುಕಿದ್ದಾಗಲೇ ಪಾಲಾಗಿ ಬಂದ ಕಪ್ಪುಮಣ್ಣಿನ ಎರಿಹೊಲ. ಅವನು ಸತ್ತ ಮೇಲೆ ಅವನ ಅಣ್ಣ, ಆಕೆಯ ಭಾವ, ಅದನ್ನು ಹಿಡಿದುಕೊಂಡಿದ್ದ. ಹಿರಿಯರ ಮುಂದೆ ಕೇಳಿದಾಗ ಆಕೆ ಸುಮ್ಮನಿದ್ದಳು, ಆದ್ದರಿಂದ ಬಿಟ್ಟುಕೊಟ್ಟಳು ಎಂಬುದು ಅವನ ವಾದ. ಕೋರ್ಟಿನಲ್ಲೂ ಅವನು ಎದುರಿಗೇ ಕುಳಿತಿದ್ದ. ಆಕೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ನಿಂತಳು. ನ್ಯಾಯಾಧೀಶ ಸಾಹೇಬರು ಕೇಳಿದ ಯಾವ ಪ್ರಶ್ನೆಗೂ ಉತ್ತರವಿಲ್ಲ.

“ಭಾವನ ಮುಂದ ಬಾಯಿ ತೆರೆಯೂ ಪದ್ಧತಿ ಅವರ ಮನ್ಯಾಗ ಇಲ್ಲರಿ. ಆತ ತುಸು ಹೊರಗಿದ್ರ ಮಾತಾಡತಾಳ,” ಎಂದರು ವಕೀಲರು.

ಭಾವ ಎದ್ದು ಕೈಮುಗಿದ. “ನಾ ಏನ್ ಹುಲೀನ್ರಿ ಸಾಹೇಬರ? ಮಾತಾಡಬ್ಯಾಡ ಅಂತ ಅಂದೇನೇನು?”

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಕಕ್ಷಿದಾರನನ್ನು ಹೊರಗೆ ಕಳಿಸಲಾಗದು, ಆರ್ಗ್ಯೂ ಮಾಡಬೇಡಿ ಎಂದರು.

“ಅದನ್ನ ಮಾಡಾಕಂತನ ಬಂದೇನ್ರಿ, ನಿಚ್ಚಳ ಮಾಡಿ ತೋರ್ಸಾಕ,” ಎಂದರು ವಕೀಲರು. ಮೊಳಕೈಯನ್ನು ಮತ್ತೆ ಮೇಜಿಗೆ ಊರಿದರು. ಆಕೆಗೆ ತಕರಾರಿಲ್ಲ, ಹೊಲ ಭಾವನದೇ ಎಂದು ತೀರ್ಪಾಯಿತು. ಅದನ್ನು ನಕಲು ಮಾಡಿದ ಕೈ ನನ್ನದು. ಈಗಲೂ ನೆನೆದರೆ ಮೈ ಉರಿಯುತ್ತದೆ.

ಪ್ಲೇಗು ತಣ್ಣಗಾದ ಮರುವರ್ಷ ವಕೀಲರು ತೀರಿಕೊಂಡರು. ಮಣ್ಣು ಮಾಡುವಾಗ ಆ ಭಾವನೂ ಬಂದಿದ್ದ. “ದೊಡ್ಡ ಮನಶ್ಯಾರು. ನನ್ನ ಮ್ಯಾಲ ವಾದಾ ಮಾಡಿದ್ರೂ ಸಿಟ್ಟು ಇಟ್ಕೊಳ್ಳಲಿಲ್ಲ,” ಎನ್ನುತ್ತಿದ್ದ.

ಹಿಂದೆ ನಿಂತಿದ್ದ ಆ ವಿಧವೆ ಮುಂದೆ ಬಂದು ಸೆರಗು ಸರಿಸಿದಳು.

“ಸಿಟ್ಟು ನನಗೈತ್ರಿ ಭಾವಾರ. ಹೊಲ ನಾ ಬಿಟ್ಟುಕೊಟ್ಟಿಲ್ಲ. ಅವತ್ತೂ ಇಲ್ಲ, ಇವತ್ತೂ ಇಲ್ಲ.”

ಹಿರಿಯರೊಬ್ಬರು ಗದರಿದರು: “ಸುಮ್ನಿರವಾ, ಇದು ಹೊತ್ತಲ್ಲ.”

ಯಾವುದು ಹೊತ್ತು ಹೇಳ್ರಿ ಎಂದು ನಾನು ಕೇಳಿದೆ.