ಅರ್ಧ ಇಳಿಸಿದ ಶಟರ್

ಇಲಿಯ ಬೆನ್ನಿನ ಗೆಡ್ಡೆಯನ್ನು ಅಳೆಯುವ ಮೊದಲು ಕ್ಯಾಲಿಪರಿನ ಎರಡು ಮೊನೆಗಳನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಬೇಕು. ತಣ್ಣನೆಯ ಉಕ್ಕು ತಾಗಿದರೆ ಇಲಿ ಮೈ ಬಿಗಿಹಿಡಿಯುತ್ತದೆ, ಅಳತೆ ತಪ್ಪುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಔರಂಗಾಬಾದಿನ ಮೊದಲ ಚಳಿಗಾಲದಲ್ಲಿ ತಾನಾಗಿ ರೂಢಿಯಾಯಿತು.

ಅದು ಎಪ್ಪತ್ತರ ದಶಕದ ನಡುಭಾಗ. ಎಂ.ಎಸ್ಸಿ. ಮುಗಿಸಿ ನಾನು ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದ್ದೆ. ಬಿಳಿ ಇಲಿಗಳ ಚರ್ಮದ ಕೆಳಗೆ ಕ್ಯಾನ್ಸರ್ ಜೀವಕೋಶಗಳನ್ನು ಇಡುತ್ತಿದ್ದೆವು. ಗೆಡ್ಡೆ ಕಾಣಿಸಿಕೊಂಡ ಮೇಲೆ ಕೆಲವು ಇಲಿಗಳ ಗೆಡ್ಡೆಯೊಳಗೇ ಬಿಸಿಜಿ ಚುಚ್ಚಿ, ದಿನವೂ ಅಳೆಯುತ್ತಿದ್ದೆವು. ಕ್ಷಯ ಬಾರದಿರಲೆಂದು ಶಾಲೆಯ ಮಕ್ಕಳ ತೋಳಿಗೆ ಹಾಕುತ್ತಿದ್ದ ಬಿಸಿಜಿಯೇ ಅದು. ಅದರಲ್ಲಿ ಇರುವುದು ಬಲಗುಂದಿಸಿದ, ಆದರೆ ಜೀವವಿರುವ ಬ್ಯಾಕ್ಟೀರಿಯಾ. ಅದು ಒಳಗೆ ಹೋದರೆ ರಕ್ತದ ಬಿಳಿ ಕಣಗಳು ಎಚ್ಚೆತ್ತು ಆ ಜಾಗಕ್ಕೆ ಧಾವಿಸುತ್ತವೆ. ಹಾಗೆ ಬಂದವು ಅಲ್ಲೇ ಇರುವ ಗೆಡ್ಡೆಯ ಮೇಲೂ ಬೀಳುತ್ತವೆಯೇ ಎಂಬುದು ನಮ್ಮ ಪ್ರಶ್ನೆ. ಬೇರೆ ದೇಶಗಳಲ್ಲಿ ಇದೇ ಪ್ರಶ್ನೆಯನ್ನು ದೊಡ್ಡ ದೊಡ್ಡ ಪ್ರಯೋಗಾಲಯಗಳು ಕೇಳುತ್ತಿದ್ದವು. ನಮ್ಮಲ್ಲಿ ಒಂದು ಕೋಣೆ, ತಗಡಿನ ಪಂಜರಗಳು, ಆಗಾಗ ನಿಂತುಹೋಗುವ ಒಂದು ಫ್ರಿಜ್ ಇದ್ದವು.

ದೊಡ್ಡಪ್ಪ, ದೊಡ್ಡಮ್ಮ ನಾಸಿಕದಲ್ಲಿದ್ದರು. ಕುಂದಾಪುರದ ಕಡೆಯಿಂದ ಬಂದು ಪಂಚವಟಿಯಲ್ಲಿ, ಗೋದಾವರಿಗೆ ಇಳಿಯುವ ರಸ್ತೆಯಲ್ಲಿ ಹೋಟೆಲು ಹಾಕಿದ್ದರು. ಅಪ್ಪನಿಗೆ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ, ಮನೆಯೂ ಅಲ್ಲಿಯೇ. ಆದರೆ ಕಾಲೇಜಿನ ವರ್ಷಗಳಷ್ಟೂ ನಾನು ಇದ್ದದ್ದು ಹೋಟೆಲಿನ ಮಹಡಿಯ ಮನೆಯಲ್ಲಿ, ಮಲಗುತ್ತಿದ್ದದ್ದು ದೊಡ್ಡಮ್ಮನ ಪಕ್ಕದಲ್ಲಿ. ಅವರಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ನಾವಿಬ್ಬರೂ ಎಂದೂ ಆಡಿದ್ದಿಲ್ಲ. ಅದರ ಅಗತ್ಯವೂ ಬೀಳಲಿಲ್ಲ.

ಗಲ್ಲಾದಲ್ಲಿ ಕೂರುವವರು ದೊಡ್ಡಪ್ಪ, ಹೋಟೆಲು ನಡೆಸುವವರು ದೊಡ್ಡಮ್ಮ. ಬೆಳಿಗ್ಗೆ ಶಟರ್ ಎತ್ತುವ ಮೊದಲು ಅಡಿಗೆಯವರೂ ಸಪ್ಲಾಯರುಗಳೂ ಹೊಟ್ಟೆ ತುಂಬ ತಿಂದಿರಬೇಕು ಎಂಬುದು ಅವರ ಕಟ್ಟುನಿಟ್ಟು. ಗಿರಾಕಿಗಳು ಹೊರಗೆ ನಿಂತು ಶಟರ್ ಬಡಿದರೂ ಸರಿ. "ಬಡಿಸುವವ ಹಸಿದುಕೊಂಡು ಬಡಿಸಿದ್ರೆ ಅವನ ಕಣ್ಣು ತಟ್ಟೆಯ ಮೇಲೆ ಇರ್ತದೆ, ತಿನ್ನುವವನಿಗೆ ಇಳಿಯುದಿಲ್ಲ," ಎನ್ನುತ್ತಿದ್ದರು.

ಆ ವರ್ಷ ರಂಗಪಂಚಮಿಗೆ ನಾಸಿಕಕ್ಕೆ ಬಂದಾಗ ದೊಡ್ಡಪ್ಪ ನನ್ನನ್ನು ಮೆಟ್ಟಿಲಲ್ಲೇ ನಿಲ್ಲಿಸಿ ವಿಷಯ ಹೇಳಿದರು. ದೊಡ್ಡಮ್ಮನ ಎಡ ಎದೆಯಲ್ಲಿ ಗಂಟು. ಸರ್ಜನ್ ಚಿಕ್ಕದೊಂದು ತುಣುಕು ತೆಗೆದು ಪರೀಕ್ಷೆ ಮಾಡಿಸಿದ್ದರು. ಕ್ಯಾನ್ಸರ್. ಇನ್ನೂ ಹರಡಿದಂತಿಲ್ಲ, ಈಗಲೇ ತೆಗೆದರೆ ಉಳಿಯುವ ಸಾಧ್ಯತೆ ಇದೆ, ಬಿಟ್ಟರೆ ಇಲ್ಲ, ಎಂದಿದ್ದರಂತೆ.

"ಅವಳು ಆಪರೇಷನ್ ಬೇಡ ಅಂತ ಕೂತಿದ್ದಾಳೆ," ಎಂದರು ದೊಡ್ಡಪ್ಪ. "ನಾನು ಹೇಳಿದ್ರೆ ಕೇಳುವವಳಲ್ಲ, ನಿಂಗೆ ಗೊತ್ತುಂಟಲ್ಲ. ನೀನೊಮ್ಮೆ ಹೇಳು ಮಗಳೇ."

ಸಂಜೆ ತಾರಸಿಯಲ್ಲಿ ದೊಡ್ಡಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದರು. ಕೆಳಗೆ ರಸ್ತೆಯಿಡೀ ಬಣ್ಣದ ನೀರು. ನಾನು ಮಾತು ಹುಡುಕುತ್ತಿರುವಾಗ ಅವರೇ ಶುರು ಮಾಡಿದರು.

"ನೀನು ಅಲ್ಲಿ ಇಲಿಗಳಿಗೆ ಇದೇ ರೋಗ ಬರಿಸ್ತಿಯಂತಲ್ಲ. ಪಾಪ ಬರುದಿಲ್ವಾ ನಿಂಗೆ?"

"ಬರಬಹುದು ದೊಡ್ಡಮ್ಮ."

"ಎಂತ ಮಾಡ್ತಿ ಅವಕ್ಕೆ, ಸಮಾ ಹೇಳು. ಪರೀಕ್ಷೆಗೆ ಬರೆದ ಹಾಗೆ ಬೇಡ."

ನಾನು ಹೇಳಿದೆ. ಮಕ್ಕಳ ತೋಳಿಗೆ ಹಾಕುವ ಬಿಸಿಜಿಯನ್ನೇ ಇಲಿಯ ಗೆಡ್ಡೆಗೆ ಚುಚ್ಚುತ್ತೇವೆ. ಗೆಡ್ಡೆಯನ್ನು ತೆಳ್ಳಗೆ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಅಂಚಿನಲ್ಲಿ ಕಡುನೀಲಿ ಚುಕ್ಕೆಗಳು ಕಾಣುತ್ತವೆ. ಅವು ಲಿಂಫೋಸೈಟುಗಳು, ನಮ್ಮದೇ ರಕ್ತದ ಬಿಳಿ ಕಣಗಳು. ಗೆಡ್ಡೆ ಹೊರಗಿನಿಂದ ಬಂದದ್ದಲ್ಲ, ನಮ್ಮದೇ ಜೀವಕೋಶ ದಾರಿ ತಪ್ಪಿದ್ದು. ಆದ್ದರಿಂದ ಅದನ್ನು ಗುರುತು ಹಿಡಿಯುವುದು ಅವಕ್ಕೆ ಕಷ್ಟ. ಆದರೂ ಕೆಲವು ಸಲ ಹಿಡಿಯುತ್ತವೆ. ಹಿಡಿದರೆ ಸುತ್ತುಗಟ್ಟಿ, ಅಂಟಿಕೊಂಡು, ಕೊಲ್ಲುತ್ತವೆ.

ದೊಡ್ಡಮ್ಮನ ಕೈ ನಿಂತಿತು. "ನನ್ನೊಳಗೂ ಅವರು ಇದ್ದಾರಾ?"

"ಎಲ್ಲರೊಳಗೂ ಇದ್ದಾರೆ." ಅವರು 'ಅವರು' ಎಂದದ್ದಕ್ಕೆ ನಾನೂ ಹಾಗೇ ಅಂದೆ.

ಅವರು ಮತ್ತೆ ಬಟ್ಟೆ ಮಡಚತೊಡಗಿದರು. ಸಮಾಧಾನವಾದಂತೆ ಕಂಡಿತು. ಆಪರೇಷನ್ನಿಗೆ ಒಪ್ಪಿಸುವುದು ಇನ್ನು ಸುಲಭ ಎಂದುಕೊಂಡೆ.

ಮರುದಿನ ಅಡಿಗೆಮನೆಯಲ್ಲಿ ತುಪ್ಪದ ಘಮ. ದೊಡ್ಡಮ್ಮ ತಮಗಾಗಿ ಗೋಡಂಬಿ, ಬಾದಾಮಿ, ಅಂಟು ಹಾಕಿ ಲಾಡು ಕಟ್ಟಿಸುತ್ತಿದ್ದರು. ಸಿಹಿ ಎಂದರೆ ಮುಖ ತಿರುಗಿಸುತ್ತಿದ್ದವರು ಅವರು.

"ಕೆಲಸಕ್ಕೆ ನಿಂತವರಿಗೆ ಮೊದಲು ಹಾಕ್ಬೇಕಲ್ಲ," ಎಂದರು ನನ್ನತ್ತ ನೋಡಿ. "ಇಷ್ಟು ವರ್ಷ ಒಳಗೆ ದುಡಿದಿದ್ದಾರೆ, ನಾನೊಬ್ಬಳು ಕಾಪಿ ಕುಡಿದೇ ದಿನ ಕಳೆದದ್ದು. ಸೋತಿದ್ದಾರೆ ಪಾಪ. ಚೆನ್ನಾಗಿ ಹಾಕಿದ್ರೆ ಅವರೇ ನೋಡಿಕೊಳ್ತಾರೆ. ಮತ್ತೆ ನಿನ್ನ ಆ ತೋಳಿನ ಸೂಜಿ ಉಂಟಲ್ಲ, ಅದನ್ನೊಂದು ತಂದು ಚುಚ್ಚು. ಮನೆಯವರೇ ಇರುವಾಗ ಹೊರಗಿನವನ ಕತ್ತಿ ಎಂತಕ್ಕೆ?"

ದೊಡ್ಡಪ್ಪ ಗಲ್ಲಾದಿಂದ ಕೂಗಿದರು: "ಕೇಳಿದ್ಯಾ? ಸರ್ಜನ್ನಿಗೆ ಲಾಡು ಕಳಿಸ್ತಾಳಂತೆ, ಆಪರೇಷನ್ನಿನ ಬದಲಿಗೆ!"

"ನಿಮಗೆ ಬೇಕಾದ್ರೆ ಕೇಳಿ ತಿನ್ನಿ. ಸರ್ಜನ್ನಿನ ಹೆಸರು ಎಂತಕ್ಕೆ ಎತ್ತುದು!"

ಕೆಲಸದವರು ನಕ್ಕರು. ನಾನು ನಗಲಿಲ್ಲ. ಇಲಿ ಬೇರೆ, ಮನುಷ್ಯರು ಬೇರೆ, ಬಿಸಿಜಿಯಿಂದ ನಿಮ್ಮ ಗಂಟು ಕರಗುತ್ತದೆ ಎಂದು ಯಾರೂ ಹೇಳಲಾರರು ಎಂದೆ. ಬಿಳಿ ಕಣಗಳಿಗೂ ಒಂದು ಮಿತಿ ಇದೆ ಎಂದೆ. ಎಲ್ಲಕ್ಕೂ ಅವರದ್ದು ಒಂದೇ ಉತ್ತರ: "ನೀನೇ ಹೇಳಿದ್ದಲ್ವಾ ಅವರು ಇದ್ದಾರೆ ಅಂತ?" ಹೊರಡುವ ಹೊತ್ತಿಗೆ ನನ್ನ ಚೀಲಕ್ಕೂ ಲಾಡು ತುಂಬಿಸಿದರು. ಔರಂಗಾಬಾದಿನ ಬಸ್ಸಿನಲ್ಲಿ ಅದನ್ನು ತೆರೆಯಲು ನನಗೆ ಮನಸ್ಸಾಗಲಿಲ್ಲ.

ಮುಂದಿನ ವಾರಗಳಲ್ಲಿ ಇಲಿಗಳನ್ನು ಅಳೆಯುವಾಗ ನಾನು ನೋಡುತ್ತಿದ್ದದ್ದು ಇಲಿಗಳನ್ನು ಮಾತ್ರ ಅಲ್ಲ. ಬಿಸಿಜಿ ಹಾಕುವಾಗ ಗೆಡ್ಡೆ ತೊಗರಿಬೇಳೆಯಷ್ಟಿದ್ದರೆ ಕೆಲವು ಇಲಿಗಳಲ್ಲಿ ಅದು ಕೆಂಪಾಗಿ, ಹಕ್ಕಳೆಗಟ್ಟಿ, ಮಾಯವಾಗುತ್ತಿತ್ತು. ಹುಣಿಸೆಬೀಜದಷ್ಟು ದೊಡ್ಡದಾಗಿದ್ದರೆ ಏನೂ ಆಗುತ್ತಿರಲಿಲ್ಲ. ಸೀಳಿ ನೋಡಿದರೆ ನೀಲಿ ಚುಕ್ಕೆಗಳು ಅಲ್ಲಿಯೂ ಇದ್ದವು, ಅಂಚಿನಲ್ಲಿ ಮುತ್ತಿಕೊಂಡಿದ್ದವು. ಗೆಡ್ಡೆ ಮಾತ್ರ ಅವುಗಳನ್ನು ಮೀರಿ ಬೆಳೆಯುತ್ತಲೇ ಇತ್ತು.

ನನ್ನ ಮಾರ್ಗದರ್ಶಕಿ ಮರಾಠಿಯವರು, ಮಾತು ಕಡಿಮೆ. ದೊಡ್ಡ ಗೆಡ್ಡೆಯನ್ನು ಕತ್ತರಿಸಿ ತೆಗೆದು ಆಮೇಲೆ ಬಿಸಿಜಿ ಕೊಟ್ಟರೆ ಏನಾಗುತ್ತದೆ ಎಂದು ಅವರನ್ನು ಕೇಳಿದೆ. ಅವರು ತಾವೇ ನೋಡಿಕೊಳ್ಳುತ್ತಿದ್ದ ಪಂಜರಗಳ ಕೆಳಸಾಲನ್ನು ತೋರಿಸಿದರು. ಅವು ಹಾಗೆ ಶಸ್ತ್ರಕ್ರಿಯೆ ಮಾಡಿದ ಇಲಿಗಳೇ. ಎಲ್ಲವೂ ಉಳಿದಿರಲಿಲ್ಲ. ಉಳಿದವು ಬೆನ್ನ ಮೇಲೆ ಹೊಲಿಗೆಯ ಗೆರೆ ಹೊತ್ತು ಚೆನ್ನಾಗಿ ಓಡಾಡುತ್ತಿದ್ದವು.

"ಯಾರಿಗೆ?" ಎಂದು ಮಾತ್ರ ಕೇಳಿದರು, ಮರಾಠಿಯಲ್ಲಿ.

"ನನ್ನ ದೊಡ್ಡಮ್ಮನಿಗೆ."

"ರಾಮನವಮಿಗೆ ಊರಿಗೆ ಹೋಗು. ಇಲಿಗಳನ್ನು ನಾನು ಅಳೆಯುತ್ತೇನೆ."

ಕ್ಯಾಲಿಪರನ್ನು ಅವರ ಮೇಜಿನ ಮೇಲಿಟ್ಟು, ಮೊದಲು ಬೆಚ್ಚಗೆ ಮಾಡಿಕೊಳ್ಳಬೇಕು ಎಂದು ಹೇಳಿದೆ. ಅವರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅಪರೂಪ.

ರಾಮನವಮಿಯ ದಿನ ಪಂಚವಟಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನ ದೇವಸ್ಥಾನದಿಂದ ಹೊರಬಿದ್ದ ಜನರೆಲ್ಲ ಒಮ್ಮೆಲೇ ಹೋಟೆಲಿಗೆ ನುಗ್ಗಿದ್ದರು. ಉಪವಾಸದವರಿಗೆ ಸಬ್ಬಕ್ಕಿಯ ಸಾಬುದಾಣಾ ಖಿಚಡಿ, ಉಳಿದವರಿಗೆ ಇಡ್ಲಿ, ದೋಸೆ. ಒಂದೊಂದು ಮೇಜಿನ ಹಿಂದೆಯೂ ಮುಂದಿನವರು ಕುರ್ಚಿ ಹಿಡಿದು ನಿಂತಿದ್ದರು. ಸಪ್ಲಾಯರುಗಳು ಓಡುತ್ತಿದ್ದರು, ಆದರೂ ಒಬ್ಬನ ಖಿಚಡಿ ಇನ್ನೊಬ್ಬನಿಗೆ ಹೋಗಿ, ಗಿರಾಕಿಯೊಬ್ಬ ಬಯ್ದು, ಸಪ್ಲಾಯರೊಬ್ಬನ ಕೈಯಿಂದ ಲೋಟ ಬಿತ್ತು. ದೊಡ್ಡಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ಒಂದು ಗಳಿಗೆ ನೋಡಿದರು.

"ಶಟರ್ ಎಳಿ!"

"ಗಿರಾಕಿಗಳು ನಿಂತಿದ್ದಾರಲ್ಲ ಮಾರಾಯ್ತಿ," ಎಂದರು ದೊಡ್ಡಪ್ಪ.

"ನಿಲ್ಲಲಿ. ಅರ್ಧ ಎಳೀರಿ."

ಶಟರ್ ಸೊಂಟದವರೆಗೆ ಇಳಿಯಿತು. ಒಳಗಿದ್ದವರು ತಿಂದು, ಬಗ್ಗಿ ಹೊರಗೆ ಹೋದರು. ಹೊಸಬರು ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಗಲಾಟೆ ಇಳಿಯಿತು. ಅದೇ ಸಪ್ಲಾಯರುಗಳು ಈಗ ಯಾರಿಗೆ ಏನು ಎಂದು ನೋಡಿ, ಸರಿಯಾಗಿ ಬಡಿಸುತ್ತಿದ್ದರು. ನಾನು ಎಂಜಲು ಲೋಟಗಳ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಆ ಹೋಟೆಲಿನಲ್ಲಿ ಎಷ್ಟೋ ಹಬ್ಬಗಳಲ್ಲಿ ಆ ಶಟರ್ ಹಾಗೆ ಇಳಿದದ್ದನ್ನು ಕಂಡಿದ್ದೆ.

ಜನ ಕರಗಿದ ಮೇಲೆ, ಇಳಿಹೊತ್ತಿನಲ್ಲಿ, ದೊಡ್ಡಮ್ಮ ಹಿಂದಿನ ಜಗಲಿಯಲ್ಲಿ ಕಾಲು ಚಾಚಿ ಕೂತರು. ನಾನು ಕಾಫಿ ಕೊಟ್ಟು ಪಕ್ಕದಲ್ಲಿ ಕೂತೆ.

"ದೊಡ್ಡಮ್ಮ, ಇವತ್ತು ಬೆಳಿಗ್ಗೆ ನಮ್ಮವರೆಲ್ಲ ತಿಂಡಿ ತಿಂದಿದ್ದರಲ್ಲ?"

"ತಿನ್ನದೆ ಶಟರ್ ಎತ್ತುದುಂಟಾ?"

"ಮತ್ತೆ ಯಾಕೆ ಆಗಲಿಲ್ಲ ಅವರ ಹತ್ತಿರ?"

"ಅಷ್ಟು ಜನ ನುಗ್ಗಿದ್ರೆ ಯಾರ ಹತ್ರ ಆಗ್ತದೆ? ಹುಡುಗರು ಒಳ್ಳೆಯವರೇ. ಮೊದಲು ನುಗ್ಗುದನ್ನು ನಿಲ್ಲಿಸ್ಬೇಕು, ಒಳಗಿನದ್ದು ಖಾಲಿ ಆಗ್ಬೇಕು. ಮತ್ತೆ…"

ಕಾಫಿಯ ಲೋಟ ಬಾಯಿಯ ಹತ್ತಿರವೇ ಉಳಿಯಿತು. ಆಮೇಲೆ ನನ್ನನ್ನು ಓರೆಯಾಗಿ ನೋಡಿದರು.

"ಕಲಿತವಳು. ಸುತ್ತು ಹಾಕಿ ತಂದು ಕೂರಿಸಿದೆ ಅಲ್ವಾ?"

"ಗಂಟು ದೊಡ್ಡದಾದರೆ ಅವರ ಹತ್ತಿರ ಆಗುವುದಿಲ್ಲ ದೊಡ್ಡಮ್ಮ. ನಾನು ನೋಡಿದ್ದೇನೆ. ಅವರು ಅಲ್ಲೇ ಇರುತ್ತಾರೆ, ಬಿಟ್ಟು ಓಡುವುದಿಲ್ಲ. ಆದರೆ ಆಗುವುದಿಲ್ಲ. ಸರ್ಜನ್ ಅದನ್ನು ಖಾಲಿ ಮಾಡಿ ಕೊಡಲಿ. ಎಲ್ಲೋ ಒಂದೆರಡು ಉಳಿದಿದ್ದರೆ ಅವರು ನೋಡಿಕೊಳ್ಳಲಿ."

"ನೋಡಿಕೊಳ್ತಾರಾ?"

ಹೌದು ಎನ್ನಬಹುದಿತ್ತು. "ಕೆಲವರು ನೋಡಿಕೊಳ್ಳುತ್ತಾರೆ, ಕೆಲವರ ಹತ್ತಿರ ಆಗುವುದಿಲ್ಲ," ಎಂದೆ. "ಯಾಕೆ ಅಂತ ಗೊತ್ತಿಲ್ಲ. ಅದನ್ನೇ ನಾವು ಹುಡುಕುತ್ತಿರುವುದು. ಆ ಸೂಜಿ ಈಗ ನಿಮಗೆ ಕೊಡುವಂಥದ್ದಲ್ಲ."

ದೊಡ್ಡಮ್ಮ ತಮ್ಮ ಎಡಗೈಯನ್ನು ಎತ್ತಿ ನೋಡಿಕೊಂಡರು. ಆಮೇಲೆ ಮೆಲ್ಲಗೆ, ಅಡಿಗೆಮನೆಗೆ ಕೇಳಿಸದ ಹಾಗೆ ಹೇಳಿದರು:

"ಕೊಯ್ದ ಮೇಲೆ ಈ ಕೈ ಮೇಲೆ ಏಳುದಿಲ್ಲವಂತೆ. ಪಕ್ಕದ ಓಣಿಯ ಮರಾಠಿ ಹೆಂಗಸೊಬ್ಬಳು ಹೇಳಿದ್ಲು. ಸಾಂಬಾರಿನ ಪಾತ್ರೆಗೆ ಕೈ ಹಾಕ್ಲಿಕ್ಕೆ ಆಗದಿದ್ರೆ ನಾನು ಇಲ್ಲಿ ಎಂತ ಮಾಡುದು ಹೇಳು? ಮೇಲೆ ಕೂತು ನಿನ್ನ ದೊಡ್ಡಪ್ಪನ ಮುಖ ನೋಡುದಾ?"

ಲಾಡು, ಸೂಜಿ, ಒಳಗಿನ ಕೆಲಸದವರು, ಎಲ್ಲದರ ಹಿಂದೆ ಇದ್ದದ್ದು ಇದು.

"ಏಳುತ್ತದೆ. ನಿಧಾನವಾಗಿ. ದಿನವೂ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮಾಡಬೇಕು. ಮೊದಲಿನಷ್ಟು ಆಗದೆ ಇರಬಹುದು."

"ಯಾರು ಮಾಡಿಸ್ತಾರೆ?"

"ನಾನು ಮಾಡಿಸುತ್ತೇನೆ."

"ನಿನ್ನ ಇಲಿಗಳು?"

"ಅವನ್ನು ಅಳೆಯುವವರು ಇದ್ದಾರೆ."

ಅವರು ಲೋಟ ಕೆಳಗಿಟ್ಟು ಎದ್ದರು. ಗಲ್ಲಾದ ಕಡೆ ತಿರುಗಿ, "ಕೇಳ್ತಾ? ನಾಳೆ ಆ ಸರ್ಜನ್ನಿನ ಹತ್ರ ಹೋಗುದು. ಟಾಂಗಾ ಹೇಳಿ," ಎಂದರು. ದೊಡ್ಡಪ್ಪ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಉಜ್ಜಿದರು, ಮತ್ತೆ ಉಜ್ಜಿದರು.

ಆಪರೇಷನ್ನಿಗೆ ಸರ್ಜನ್ ಗೊತ್ತುಮಾಡಿದ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ನರ್ಸು, ಕೈಯಲ್ಲಿ ಏನೂ ಇರಕೂಡದು ಎಂದರು. ದೊಡ್ಡಮ್ಮ ಹಸಿರು ಗಾಜಿನ ಬಳೆಗಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು. ಒಡೆಯುವುದು ಬೇಡ ಎಂದೆ. ಬೋಗುಣಿಯಲ್ಲಿ ಸೋಪಿನ ನೀರು ತಂದು, ನನ್ನ ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಅವರ ಬೆರಳುಗಳನ್ನು ಒತ್ತಿ ಹಿಡಿದೆ. ಒಂದೊಂದೇ ಬಳೆಯನ್ನು ಗೆಣ್ಣಿನ ಮೇಲಿಂದ ಜಾರಿಸಿದೆ. ಒಂದೂ ಒಡೆಯಲಿಲ್ಲ. ಬರಿಗೈಯಲ್ಲಿ ಇರಬಾರದೆಂದು ಮನೆಯಿಂದ ತಂದಿದ್ದ ಅರಸಿನದ ದಾರವನ್ನು ಬಲ ಮಣಿಕಟ್ಟಿಗೆ ಕಟ್ಟಿದೆ. ನರ್ಸು ಅದನ್ನು ಬಿಚ್ಚಿಸಲಿಲ್ಲ. ಬಳೆಗಳನ್ನು ಇಡಲು ಬೇರೆ ಜಾಗವಿರಲಿಲ್ಲ, ನಾನೇ ತೊಟ್ಟುಕೊಂಡೆ. ನನ್ನ ಕೈಗೆ ಅವು ಸಡಿಲ. ದೊಡ್ಡಮ್ಮನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಬಾಗಿಲಿನ ಎದುರಿನ ಬೆಂಚಿನಲ್ಲಿ, ಬಳೆಗಳು ಒಂದಕ್ಕೊಂದು ತಾಗದ ಹಾಗೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ.