ಕನಮಡಿಯ ಹೊಲದಲ್ಲಿ ಹಿಡಿದ ನೀಹಾರಿಕೆ

ಜನವರಿಯ ಅಮಾವಾಸ್ಯೆಯ ಸಂಜೆ ಐದಕ್ಕೆ ಜಲನಗರದ ಮನೆ ಬಿಟ್ಟೆವು. ಹಿಂದಿನ ಸೀಟಿನಲ್ಲಿ ದೂರದರ್ಶಕ, ಕ್ಯಾಮೆರಾ, ಬ್ಯಾಟರಿ, ಎರಡು ಕಂಬಳಿ. ಹನ್ನೊಂದು ವರ್ಷ ಈ ಸಾಮಾನು ಹೊತ್ತು ನಾನೊಬ್ಬನೇ ಹೋಗುತ್ತಿದ್ದೆ. ಈ ಸಲ ಕಾರು ಓಡಿಸಿದವಳು ನನ್ನ ಹೆಂಡತಿ ಸುನಂದಾ. ನನ್ನ ಎರಡೂ ಕಣ್ಣಿನ ನಡುವಿನ ನೋಟ ಹೋಗುತ್ತಿದೆ, ಮರಳುವುದಿಲ್ಲ ಎಂದು ವೈದ್ಯರು ದೀಪಾವಳಿಗೆ ಮುಂಚೆಯೇ ಹೇಳಿದ್ದರು. ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯನ್ನು ಒಮ್ಮೆ ಸರಿಯಾಗಿ ಕ್ಯಾಮೆರಾದಲ್ಲಿ ಹಿಡಿದು, ಕಣ್ತುಂಬ ನೋಡಿ, ಈ ಹವ್ಯಾಸ ನಿಲ್ಲಿಸಬೇಕೆಂದಿದ್ದೆ.

ಮೊದಲೆಲ್ಲ ಬಬಲೇಶ್ವರದ ಕಡೆ ಹೋಗುತ್ತಿದ್ದೆ. ಅಲ್ಲೀಗ ನಾನು ನಿಲ್ಲುತ್ತಿದ್ದ ಜಾಗದ ಸುತ್ತ ಬಿಳಿ ದೀಪಗಳು; ಆಕಾಶ ಕತ್ತಲಾಗುವುದೇ ಇಲ್ಲ. ಆದ್ದರಿಂದ ಗಡಿಯ ಕನಮಡಿಗೆ ಹೊರಟಿದ್ದೆವು. ದಾರಿಯಲ್ಲಿ ತಿಕೋಟಾದಲ್ಲಿ ಮಿರ್ಚಿ ಭಜಿ ತಿಂದು ಚಹಾ ಕುಡಿದೆವು. ಅಂಗಡಿಯಾತ ಕಾರಿನೊಳಗೆ ಇಣುಕಿದ.

"ಇದೇನ್ರಿ ಸರ, ಬೋರಿನ ಪೈಪೇನು?"

"ಚಿಕ್ಕಿ ನೋಡೂದರಿ" ಎಂದಳು ಸುನಂದಾ, ಆಕಾಶದತ್ತ ಕೈ ತೋರಿಸಿ.

"ಚಿಕ್ಕಿ ಬರೇ ಕಣ್ಣಿಗೇ ಕಾಣ್ತಾವಲ್ರಿ!"

ನಾನು ಚಹಾದ ಕಪ್ಪು ಕೆಳಗಿಟ್ಟು ಎದ್ದೆ.

ಕನಮಡಿಯ ಆಚೆ ಪರಿಚಯದವರ ಜೋಳದ ಹೊಲ. ಎಂಟರ ಹೊತ್ತಿಗೆ ಚಳಿ ಕಾಲಿಗೇರಿತು. ಬೆರಳಿನ ಅಂದಾಜಿನಲ್ಲೇ ಸ್ಟ್ಯಾಂಡ್ ಜೋಡಿಸಿದೆ. ಫೋಕಸ್ ಮಾತ್ರ ಕೂಡಲಿಲ್ಲ. ನಕ್ಷತ್ರದತ್ತ ನೋಡಿದರೆ, ನೋಡಿದಲ್ಲೇ ಕಪ್ಪು ಮಚ್ಚೆ. ಅರ್ಧ ತಾಸು ತಿರುಗಿಸಿ ತಿರುಗಿಸಿ ಕೈಬಿಟ್ಟೆ.

"ಸರೀರಿ, ನಾ ಮಾಡ್ತೀನಿ. ಎಲ್ಲೀತನಾ ತಿರಗಸ್ಲಿ?"

"ಚಿಕ್ಕಿ ಸೂಜಿ ಮೊನಿಯಷ್ಟ ಆಗೂತನಾ."

ಅವಳಿಗೆ ಎರಡು ನಿಮಿಷ ಸಾಕಾಯಿತು. ಒಂದೊಂದಕ್ಕೆ ಅರ್ಧ ನಿಮಿಷದಂತೆ ಅರವತ್ತು ಚಿತ್ರ ತೆಗೆಯಬೇಕಿತ್ತು. ಮೊದಲನೆಯದು ಕ್ಯಾಮೆರಾದ ಪರದೆಯಲ್ಲಿ ಮೂಡಿದಾಗ "ಯವ್ವಾ!" ಎಂದಳು.

"ಏನ್ ಕಾಣತೈತಿ?"

"ಹಾಲಾಗ ಕುಂಕುಮ ಕಲಸಿದಂಗ ಐತ್ರಿ. ನಿಮಗ ಕಾಣಾಕತ್ತಿಲ್ಲೇನು?"

ತಲೆ ವಾರೆ ಮಾಡಿ ನೋಡಿದೆ. ಒಂದಿಷ್ಟು ಬೂದು ಬೆಳಕು, ಅಷ್ಟೇ.

"ಕಾಣಾಕತ್ತೈತಿ" ಎಂದೆ. ಅವಳು ನಂಬಲಿಲ್ಲ. ಕಂಬಳಿ ತಂದು ಹೊದಿಸಿದಳು.

ಹಿಂತಿರುಗುವಾಗ, "ಮುಂದಿನ ಅಮಾಸಿಗಿ ಬ್ಯಾರೇದು ತಗಿಯೋಣ್ರಿ. ನಾ ಈಗ ಕಲತೀನಿ" ಎಂದಳು. ಅವಳ ಉತ್ಸಾಹ ನನ್ನನ್ನು ಚುಚ್ಚಿತು. ಹಾಗೆ ಚುಚ್ಚಿತಲ್ಲ ಎಂದು ನಾಚಿಕೆಯೂ ಆಯಿತು. ಕಿಟಕಿಯ ಗಾಜು ಏರಿಸಿ ಕಂಬಳಿ ಎಳೆದುಕೊಂಡೆ.

ಮರುದಿನ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ, ಒಂದನ್ನು ಪರದೆಯ ತುಂಬ ದೊಡ್ಡದು ಮಾಡಿ, ನನ್ನನ್ನು ಕರೆದು ಕೂಡಿಸಿದಳು. ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ. ಅವಳು ನನ್ನ ಬೆರಳು ಹಿಡಿದು ಗಾಜಿನ ಮೇಲೆ ನಿಧಾನ ಎಳೆದಳು.

"ಇಲ್ಲಿಂದ ಕೆಂಪ ಸುರು ಆಗತೈತ್ರಿ... ಇಲ್ಲಿ ರೆಕ್ಕಿ ಬಿಚ್ಚಿದಂಗ..."

ಬೆರಳಿಗೆ ಹತ್ತಿದ್ದು ಬರೀ ನುಣುಪು.

"ಸಾಕು, ಬಂದ್ ಮಾಡು" ಎಂದೆ.

ಅವಳು ಮಾಡಲಿಲ್ಲ. ನಾನೇ ಎದ್ದು, ಗೋಡೆ ತಡವಿ, ಕಂಪ್ಯೂಟರಿನ ಸ್ವಿಚ್ ಆರಿಸಿದೆ.